ಟೆಸ್ಟ್‌ಡಿಸ್ಕ್: ಅಳಿಸಿಹೋದ ಪಾರ್ಟಿಷನ್ ಟೇಬಲ್ ಹುಡುಕಿಕೊಟ್ಟ ಟೂಲ್

ಒಂದೇ ಒಂದು ಅಕ್ಷರದ ವ್ಯತ್ಯಾಸ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರುಗಳಲ್ಲಿ ಎಸ್‌ಡಿಸಿ ಆರಿಸಬೇಕಾದ ಕಡೆ ಎಸ್‌ಡಿಬಿ ಆರಿಸಿ ಹೊಸ ಜಿಪಿಟಿ ಟೇಬಲ್ (ಡಿಸ್ಕ್‌ನ ಭಾಗಗಳು, ಅಂದರೆ ಪಾರ್ಟಿಷನ್‌ಗಳು, ಎಲ್ಲೆಲ್ಲಿವೆ ಅನ್ನುವ ಪಟ್ಟಿ) ಬರೆದುಬಿಟ್ಟೆ. ಅದು ಸಾಲದು ಅಂತ ಶುರುವಿನಲ್ಲೇ 512 ಎಂಬಿಯ ಒಂದು ಫ್ಯಾಟ್32 ಪಾರ್ಟಿಷನ್ ಕೂಡ ಮಾಡಿದೆ. ಪೆನ್‌ಡ್ರೈವ್ ಅಂದುಕೊಂಡಿದ್ದು ನನ್ನ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆಗಿತ್ತು. ಅದರಲ್ಲಿ ಮೂರು ಪಾರ್ಟಿಷನ್ ಇದ್ದವು, ಎರಡು ಎನ್‌ಟಿಎಫ್‌ಎಸ್, ಒಂದು ಇಎಕ್ಸ್‌ಟಿ4 (ಫ್ಯಾಟ್32 ಹಾಗೆ ಇವೂ ಫೈಲ್ ಸಿಸ್ಟಮ್‌ಗಳು, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಗಳು). ಎಂಟು ವರ್ಷದ ಫೋಟೋಗಳು ಎರಡನೆಯದರಲ್ಲಿ. ಕೈ ನಡುಗಿದ್ದು ಇನ್ನೂ ನೆನಪಿದೆ.

ಅವತ್ತು ಕೈ ಹಿಡಿದದ್ದು ಟೆಸ್ಟ್‌ಡಿಸ್ಕ್. ಕ್ರಿಸ್ಟೋಫ್ ಗ್ರೆನಿಯೆ ಅನ್ನುವವರು ಬರೆದಿರುವ ಓಪನ್ ಸೋರ್ಸ್ ಟೂಲ್ ಇದು. ಪೂರ್ತಿ ಉಚಿತ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮೌಸ್ ಇಲ್ಲ, ಬಣ್ಣಬಣ್ಣದ ಕಿಟಕಿಗಳಿಲ್ಲ, ಟರ್ಮಿನಲ್ ತೆರೆದು ಬಾಣದ ಕೀಗಳಲ್ಲಿ ಓಡಾಡಬೇಕು ಅಷ್ಟೇ.

ಒಂದು ವಿಷಯ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಪಾರ್ಟಿಷನ್ ಟೇಬಲ್ ಬಹಳ ಚಿಕ್ಕದು. ಹಳೆಯ ಎಂಬಿಆರ್ ಪದ್ಧತಿಯಲ್ಲಿ, ಡಿಸ್ಕ್‌ನ ಮೊದಲ 512 ಬೈಟ್ ಸೆಕ್ಟರ್‌ನೊಳಗೆ (ಸೆಕ್ಟರ್ ಅಂದರೆ ಡಿಸ್ಕ್‌ನ ಒಂದು ಚಿಕ್ಕ ತುಂಡು) ಅದಕ್ಕೆ ಸಿಕ್ಕಿರುವುದು 64 ಬೈಟ್ ಮಾತ್ರ, 16 ಬೈಟ್‌ನ ನಾಲ್ಕು ನಮೂದು. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗ ಇರುತ್ತದೆ, ಒಂದೊಂದೂ 128 ಬೈಟ್, ಜೊತೆಗೆ ಡಿಸ್ಕ್‌ನ ಕೊನೆಯಲ್ಲಿ ಇನ್ನೊಂದು ಪ್ರತಿ. ಟೇಬಲ್ ಅಳಿಸಿದರೆ ಹೋಗುವುದು ವಿಳಾಸದ ಪಟ್ಟಿ, ಮನೆಗಳು ನಿಂತಲ್ಲೇ ನಿಂತಿರುತ್ತವೆ. ಟೆಸ್ಟ್‌ಡಿಸ್ಕ್ ಮಾಡುವುದು ಬೀದಿಯಲ್ಲಿ ನಡೆದು ಒಂದೊಂದು ಮನೆಯ ಬೋರ್ಡ್ ಓದುವ ಕೆಲಸ. ಎನ್‌ಟಿಎಫ್‌ಎಸ್‌ನ ಬೂಟ್ ಸೆಕ್ಟರ್, ಇಎಕ್ಸ್‌ಟಿ4ನ ಸೂಪರ್‌ಬ್ಲಾಕ್, ಪಾರ್ಟಿಷನ್‌ನ ಶುರುವಿನಲ್ಲಿರುವ ಇವುಗಳಲ್ಲೇ ಆ ಪಾರ್ಟಿಷನ್ ಎಷ್ಟು ದೊಡ್ಡದು ಅಂತ ಬರೆದಿರುತ್ತದೆ. ಅದನ್ನೆಲ್ಲ ಕೂಡಿಸಿ ಹಳೆಯ ಪಟ್ಟಿಯನ್ನು ಮತ್ತೆ ಕಟ್ಟುತ್ತದೆ.

ಹಾಗಾಗಿ ಟೇಬಲ್ ಹೋದ ತಕ್ಷಣ ಆ ಡಿಸ್ಕ್ ಮೇಲೆ ಏನನ್ನೂ ಬರೆಯಬೇಡಿ. ಫಾರ್ಮ್ಯಾಟ್ ಮಾಡಲೇ ಅಂತ ಕಂಪ್ಯೂಟರ್ ಕೇಳುತ್ತದೆ, ಬೇಡ ಅನ್ನಿ.

ಬಳಸುವುದು ಕಷ್ಟವಿಲ್ಲ, ಆದರೆ ಮೊದಲ ಸಲ ಗಾಬರಿ ಆಗುವುದು ಸಹಜ. ಲಾಗ್ ಬೇಕಾ ಅಂತ ಕೇಳುತ್ತದೆ, ಹೌದು ಅನ್ನಿ, ಆಮೇಲೆ ಯಾರ ಹತ್ತಿರವಾದರೂ ಸಹಾಯ ಕೇಳಬೇಕಾದರೆ ಅದೇ ಆಧಾರ. ಆಮೇಲೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಇಲ್ಲಿ ಹೆಸರಿನ ಜೊತೆ ಸೈಜ್ ಮತ್ತು ಮಾಡೆಲ್ ಕೂಡ ನೋಡಿ. ನಂತರ ಟೇಬಲ್ ಯಾವ ಬಗೆಯದು ಅನ್ನುವ ಪ್ರಶ್ನೆ. ಈ ಪರದೆಯ ಬಗ್ಗೆ ನನಗೆ ನಿಜಕ್ಕೂ ತಕರಾರಿದೆ. ಎಂಬಿಆರ್‌ಗೆ ಅಲ್ಲಿ ‘ಇಂಟೆಲ್’ ಅಂತ ಹೆಸರಿಟ್ಟಿದ್ದಾರೆ. ಹೊಸಬರು ಅದನ್ನು ನೋಡಿ ನನ್ನ ಪ್ರೊಸೆಸರ್ ಇಂಟೆಲ್ ಅಲ್ವಾ ಅಂತ ಒತ್ತಿಬಿಡುತ್ತಾರೆ. ಈ ಆಯ್ಕೆಗೂ ನಿಮ್ಮ ಪ್ರೊಸೆಸರ್ ಯಾವ ಕಂಪನಿಯದು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಟೂಲ್ ತಾನೇ ಒಂದು ಊಹೆ ಮಾಡಿ ಕೆಳಗೆ ಸುಳಿವು ಕೊಡುತ್ತದೆ, ಹೆಚ್ಚಿನ ಸಲ ಅದನ್ನೇ ಒಪ್ಪಿಕೊಂಡರೆ ಸರಿ.

ಆಮೇಲೆ ಮೆನುವಿನಲ್ಲಿ ಅನಲೈಸ್, ಕ್ವಿಕ್ ಸರ್ಚ್ ಆರಿಸಿದೆ. ಕೆಲವೇ ನಿಮಿಷದಲ್ಲಿ ನನ್ನ ಎರಡನೆಯ ಎನ್‌ಟಿಎಫ್‌ಎಸ್ ಮತ್ತು ಇಎಕ್ಸ್‌ಟಿ4 ಎರಡೂ ಬಂದವು. ಇಲ್ಲಿ ಪಿ ಕೀ ಒತ್ತಿ. ನನ್ನ ಮಟ್ಟಿಗೆ ಈ ಟೂಲ್‌ನ ಜೀವ ಇರುವುದೇ ಆ ಕೀಯಲ್ಲಿ. ಸಿಕ್ಕಿದ ಪಾರ್ಟಿಷನ್ ಒಳಗಿನ ಫೈಲ್‌ಗಳನ್ನು ಅದು ತೋರಿಸುತ್ತದೆ, ಡಿಸ್ಕ್ ಮೇಲೆ ಇನ್ನೂ ಒಂದು ಬೈಟ್ ಕೂಡ ಬರೆಯದೆ. ಫೋಲ್ಡರ್‌ಗಳ ಹೆಸರು ಒಂದೊಂದಾಗಿ ಪರದೆ ಮೇಲೆ ಬಂದಾಗ ನಾನು ಸುಮ್ನೆ ಕೂತು ನೋಡುತ್ತಿದ್ದೆ. ಅಲ್ಲಿಂದಲೇ ಫೈಲ್‌ಗಳನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು. ದಯವಿಟ್ಟು ಆ ಕೆಲಸ ಮೊದಲು ಮಾಡಿ, ಟೇಬಲ್ ರಿಪೇರಿ ಆಮೇಲೆ.

ಮೊದಲ ಪಾರ್ಟಿಷನ್ ಮಾತ್ರ ಬಂದಿರಲಿಲ್ಲ. ಅದರ ಜಾಗದಲ್ಲಿ ನಾನು ಮಾಡಿದ್ದ 512 ಎಂಬಿಯದು ಕೂತಿತ್ತು, ಬೂಟ್ ಸೆಕ್ಟರ್ ಅದರ ಅಡಿಗೆ ಹೋಗಿತ್ತು. ಡೀಪರ್ ಸರ್ಚ್ ಹಾಕಿದೆ. ಇದಕ್ಕೆ ತಾಳ್ಮೆ ಬೇಕು, ನನಗೆ ಮೂರು ಗಂಟೆಗಿಂತ ಜಾಸ್ತಿ ಹಿಡಿಯಿತು. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್ ಅದನ್ನು ಹಿಡಿದು, ಬ್ಯಾಕಪ್ ಸೆಕ್ಟರ್ ಮೂಲಕ ಸಿಕ್ಕಿತು ಅಂತ ತೋರಿಸಿತು. ಇದನ್ನು ಬರೆದವರಿಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಡೀಪರ್ ಸರ್ಚ್‌ನ ತೊಂದರೆ ಏನೆಂದರೆ, ಯಾವ ಕಾಲದಲ್ಲೋ ಇದ್ದ ಹಳೆಯ ಪಾರ್ಟಿಷನ್‌ಗಳನ್ನೂ ಎತ್ತಿ ತರುತ್ತದೆ. ಒಂದರ ಮೇಲೊಂದು ಬಿದ್ದರೆ ‘ಸ್ಟ್ರಕ್ಚರ್: ಬ್ಯಾಡ್’ ಅನ್ನುತ್ತದೆ, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಹೇಳುವುದಿಲ್ಲ. ಎಡ ಬಲ ಬಾಣದಲ್ಲಿ, ಬೇಡದ್ದಕ್ಕೆ ಡಿ, ಬೇಕಾದ್ದಕ್ಕೆ ಪಿ ಅಂತ ನಾವೇ ಗುರುತು ಹಾಕಬೇಕು (ಇದು ಫೈಲ್ ತೋರಿಸುವ ಪಿ ಕೀ ಅಲ್ಲ, ಬರೀ ಗುರುತು). ಇಲ್ಲೇ ಜನ ತಪ್ಪುವುದು. ನನ್ನ ಹಳೆಯ ಪಾರ್ಟಿಷನ್‌ಗಳ ಅಂದಾಜು ಸೈಜ್ ನನಗೆ ನೆನಪಿತ್ತು, ಅದರಿಂದ ಬಚಾವಾದೆ.

ಕೊನೆಗೆ ಟೇಬಲ್ ಬರೆಯುವ ‘ರೈಟ್’ ಒತ್ತಿ, ಕೇಳಿದ್ದಕ್ಕೆ ವೈ ಅಂದು, ಡಿಸ್ಕ್ ಬಿಚ್ಚಿ ಮತ್ತೆ ಹಾಕಿದೆ. ಮೂರೂ ಬಂದವು. ಮೊದಲನೆಯದು ತೆರೆಯಲಿಲ್ಲ, ನಿರೀಕ್ಷೆ ಇದ್ದದ್ದೇ. ಅಡ್ವಾನ್ಸ್‌ಡ್ ಮೆನುವಿನ ಬೂಟ್‌ಗೆ ಹೋಗಿ ಬ್ಯಾಕಪ್ ಬಿಎಸ್ (ಬಿಎಸ್ ಅಂದರೆ ಬೂಟ್ ಸೆಕ್ಟರ್) ಆರಿಸಿದೆ, ಕೊನೆಯಲ್ಲಿದ್ದ ಪ್ರತಿ ಮುಂದಕ್ಕೆ ಬಂತು, ಪಾರ್ಟಿಷನ್ ತೆರೆಯಿತು. ಎರಡು ಮೂರು ವಿಡಿಯೊ ಹಾಳಾಗಿದ್ದವು, ಉಳಿದದ್ದೆಲ್ಲ ಇತ್ತು.

ಎಲ್ಲದಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ, ಓದುವಾಗ ಎರರ್ ಬರುತ್ತಿದ್ದರೆ, ಅದರ ಮೇಲೆ ಗಂಟೆಗಟ್ಟಲೆ ಡೀಪರ್ ಸರ್ಚ್ ಓಡಿಸುವುದು ಅಪಾಯ. ಮೊದಲು ಡಿಡಿರೆಸ್ಕ್ಯೂ ಅನ್ನುವ ಟೂಲ್ ಬಳಸಿ ಇಮೇಜ್ ಫೈಲ್ (ಇಡೀ ಡಿಸ್ಕ್‌ನ ಪ್ರತಿ) ತೆಗೆದುಕೊಳ್ಳಿ, ಟೆಸ್ಟ್‌ಡಿಸ್ಕ್‌ಗೆ ಆ ಇಮೇಜ್ ಕೊಟ್ಟರೂ ಸಾಕು. ಫೈಲ್ ಸಿಸ್ಟಮ್ಮೇ ಹೋಗಿದ್ದರೆ ಇದರ ಜೊತೆಯಲ್ಲೇ ಬರುವ ಫೋಟೋರೆಕ್ ನೋಡಿ, ಫೈಲ್ ಸಿಗುತ್ತದೆ ಆದರೆ ಸಾಮಾನ್ಯವಾಗಿ ಹಳೆಯ ಹೆಸರು ಸಿಗುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಬೇಡವಾದ ಜಾಗವನ್ನು ಖಾಲಿ ಮಾಡುವ ಕೆಲಸ) ನಡೆದುಹೋಗಿದ್ದರೆ ಆಸೆ ಕಡಿಮೆ. ಇನ್ನು ಜಿಪಿಟಿಯ ಮುಂದಿನ ಪ್ರತಿ ಮಾತ್ರ ಕೆಟ್ಟು ಕೊನೆಯದು ಚೆನ್ನಾಗಿದ್ದರೆ ಜಿಡಿಸ್ಕ್ ಅನ್ನುವ ಇನ್ನೊಂದು ಟೂಲ್‌ನ ರಿಕವರಿ ಮೆನು ಸಾಕು, ಹುಡುಕಾಟವೇ ಬೇಡ. ನನಗೆ ಅದು ಆಗಲಿಲ್ಲ, ಹೊಸ ಟೇಬಲ್ ಬರೆದಾಗ ಎರಡೂ ತುದಿ ಹೋಗಿದ್ದವು.

ಈಗ ಪ್ರತಿ ಡಿಸ್ಕ್‌ಗೂ ಲಿನಕ್ಸ್‌ನ ಎಸ್‌ಎಫ್‌ಡಿಸ್ಕ್ ಅನ್ನುವ ಟೂಲ್‌ನ ಡಂಪ್ ಆಯ್ಕೆ ಬಳಸಿ ಟೇಬಲ್‌ನ ಪ್ರತಿ ತೆಗೆದಿಡುತ್ತೇನೆ. ಹತ್ತು ಹನ್ನೆರಡು ಸಾಲಿನ ಟೆಕ್ಸ್ಟ್ ಫೈಲ್ ಅಷ್ಟೇ, ಅದನ್ನೇ ವಾಪಸ್ ಕೊಟ್ಟರೆ ಟೇಬಲ್ ಕ್ಷಣದಲ್ಲಿ ಮತ್ತೆ ಬರೆದುಕೊಳ್ಳುತ್ತದೆ. ಆ ಫೈಲನ್ನು ಅದೇ ಡಿಸ್ಕ್‌ನಲ್ಲಿ ಇಡಬೇಡಿ. ನನ್ನದನ್ನು ನನಗೇ ಮೇಲ್ ಮಾಡಿಕೊಂಡಿದ್ದೇನೆ.