ಗುರುವಾರದ ಲಸಿಕೆಗೆ ನನ್ನ ಮಾರ್ಕ್ಸು: ಒಳಗಿನ ಕೆಲಸಕ್ಕೆ ಪೂರ್ತಿ, ಹೊರಗಿನ ಕಟ್ಟೆಗೆ ಸೊನ್ನೆ

ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಸೂಜಿ ಹಾಕಿಸಬೇಕಿತ್ತು. 2025ರ ಜುಲೈ 3, ಗುರುವಾರ, ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಹಾಸನ ಜಿಲ್ಲೆ ಅಂದರೆ ಸಾಕು. ಆ ತಿಂಗಳು ಹಾಸನ ಅಂದರೆ ಸಾಕಲ್ವಾ, ಹೃದಯಾಘಾತದ ಸಾವುಗಳ ಸುದ್ದಿಯಿಂದ ಇಡೀ ರಾಜ್ಯಕ್ಕೇ ನಮ್ಮ ಜಿಲ್ಲೆಯ ಹೆಸರು ಕೇಳಿದರೆ ಎದೆ ಹಿಡಿದುಕೊಳ್ಳುವ ಹಾಗಾಗಿತ್ತು.

ಮೊದಲು ಸೇವೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಬರೆಯುವುದಿಲ್ಲ.

ನನ್ನ ದೊಡ್ಡ ಮಗನಿಗೆ ಐದು ವರ್ಷ. ಅವನಿಗೆ ಮೊದಲ ವರ್ಷದ ಲಸಿಕೆ ಎಲ್ಲ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿದ್ದೆವು. ಒಂದೊಂದು ಸಲಕ್ಕೂ ಸಾವಿರಗಟ್ಟಲೆ ಬಿಲ್. ದುಡ್ಡು ಹೋಗಲಿ, ಯಾವ ಲಸಿಕೆ, ಯಾವ ಬ್ಯಾಚು ಅಂತ ಪುಸ್ತಕದಲ್ಲಿ ಬರೆದುಕೊಡಿ ಅಂದರೆ ರಿಸೆಪ್ಶನ್ ಹುಡುಗಿ ಮುಖ ಸಿಂಡರಿಸುತ್ತಿದ್ದಳು. ಮಗಳ ಹೊತ್ತಿಗೆ ನಮ್ಮ ಆಶಾ ಅಕ್ಕ ಮನೆಗೇ ಬಂದು ಹೇಳಿದರು, ಸರ್ಕಾರದ್ದನ್ನೇ ಹಾಕಿಸಿ ಅಕ್ಕ, ಈಗ ನ್ಯುಮೋನಿಯಾದ್ದು, ವಾಂತಿಭೇದಿಯ ರೋಟಾದ್ದು ಎಲ್ಲ ಇಲ್ಲೇ ಇದೆ ಅಂತ. ನಿಜ. ಒಂದೂವರೆ ತಿಂಗಳಿಗೆ ಕೊಡುವ ಪೆಂಟಾ ಒಂದೇ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ನ್ಯುಮೋನಿಯಾ ಮತ್ತು ಮೆದುಳು ಜ್ವರ ತರುವ ಹಿಬ್ ಅಂತ ಐದಕ್ಕೂ ರಕ್ಷಣೆ ಕೊಡುತ್ತದೆ. ಒಂದು ಪೈಸೆ ಇಲ್ಲ. ಆವತ್ತಿನಿಂದ ನಾವು ಗುರುವಾರದವರೇ.

ಹತ್ತು ಗಂಟೆಗೆ ಶುರು ಅಂತ ಬೋರ್ಡ್ ಇದೆ, ಶುರುವಾಗುವುದು ಹತ್ತೂ ಮುಕ್ಕಾಲಿಗೆ. ತಾಲ್ಲೂಕಿನಿಂದ ಲಸಿಕೆಯ ಡಬ್ಬ ಬರಬೇಕು, ಅದು ಬರುವ ಗಾಡಿ ಇನ್ನೂ ನಾಲ್ಕು ಊರು ಸುತ್ತಬೇಕು. ಕೂರಲು ಎರಡೇ ಬೆಂಚು. ಮಗುವಿಗೆ ಹಾಲು ಕುಡಿಸಲು ಮರೆಯಾದ ಜಾಗ ಇಲ್ಲ, ಔಷಧಿ ರೂಮಿನ ಬಾಗಿಲು ಅರ್ಧ ಮುಚ್ಚಿಕೊಂಡು ನಿಲ್ಲಬೇಕು. ಲಸಿಕೆಯ ಲೆಕ್ಕ ಇಡುವ ಸರ್ಕಾರದ ಯು-ವಿನ್‌ನಲ್ಲಿ ಎಂಟ್ರಿ ಮಾಡುವಾಗ ಓಟಿಪಿ ಬರುವುದಿಲ್ಲ, ನೆಟ್‌ವರ್ಕ್ ಹುಡುಕಿಕೊಂಡು ಗಂಡಸರು ಗೇಟಿನ ತನಕ ಫೋನ್ ಎತ್ತಿ ಹಿಡಿದುಕೊಂಡು ಹೋಗುತ್ತಾರೆ. ಇವೆಲ್ಲ ಸರಿಯಾಗಬೇಕು. ಆವತ್ತು ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಬೂಸ್ಟರ್ ಸ್ಟಾಕ್ ಇರಲಿಲ್ಲ. ಮುಂದಿನ ವಾರ ಬನ್ನಿ ಅಂದರು. ಹತ್ತು ಕಿಲೋಮೀಟರ್ ಆಚೆಯಿಂದ ಕೂಲಿ ಬಿಟ್ಟು ಬಂದವರಿಗೆ ಈ ಮಾತು ಎಷ್ಟು ಭಾರ ಅಂತ ಮೇಲೆ ಕೂತವರಿಗೆ ಗೊತ್ತಾಗಬೇಕು.

ಆದರೆ ಒಳಗೆ ಟೇಬಲ್ ಹತ್ತಿರ ಕೂತ ಮೇಲೆ ನಾನು ಒಂದು ದೂರೂ ಹೇಳಲಾರೆ.

ನಮ್ಮ ಸಿಸ್ಟರ್ ದಡಾರ-ರುಬೆಲ್ಲಾದ ಬಾಟಲಿ ತೆಗೆದು ಮುಚ್ಚಳದ ಮೇಲಿನ ಗುರುತನ್ನು ನನಗೇ ತೋರಿಸಿದರು. ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ. ಚೌಕ ಬೆಳ್ಳಗಿದ್ದರೆ ಲಸಿಕೆ ತಣ್ಣಗೇ ಬಂದಿದೆ ಅಂತ ಲೆಕ್ಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಹೊರಗಿನ ವೃತ್ತದ ಬಣ್ಣಕ್ಕೆ ಬಂತು ಅಂದರೆ ಆ ಬಾಟಲಿ ಎಸೆಯಬೇಕು. ಪುಡಿಗೆ ನೀರು ಬೆರೆಸಿ, ಬೆರೆಸಿದ ಹೊತ್ತನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದರು, ಹನ್ನೊಂದು ಗಂಟೆ ಐದು ನಿಮಿಷ. ನಾಲ್ಕು ಗಂಟೆಯೊಳಗೆ ಮುಗಿಯದಿದ್ದರೆ ಉಳಿದದ್ದು ಕಸಕ್ಕೆ. ಸಿರಿಂಜ್ ಕವರ್ ನನ್ನ ಕಣ್ಣ ಮುಂದೆಯೇ ಹರಿದರು. ಈ ಸಿರಿಂಜನ್ನು ಒಂದು ಸಲ ಒತ್ತಿದ ಮೇಲೆ ಮತ್ತೆ ಎಳೆಯಲು ಬರುವುದಿಲ್ಲ, ಹಾಗೇ ಮಾಡಿರುತ್ತಾರೆ. ಮಗಳ ಬಲ ತೋಳಿಗೆ ಸೂಜಿ, ಆಮೇಲೆ ಚಮಚದಲ್ಲಿ ಎ ವಿಟಮಿನ್. ಅವಳು ಅತ್ತದ್ದು ಸೂಜಿಗಿಂತ ಆ ಚಮಚಕ್ಕೇ ಜಾಸ್ತಿ. ಯಾವುದನ್ನು ಹಾಕಿದೆ, ಯಾಕೆ ಹಾಕಿದೆ, ಜ್ವರ ಬಂದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ನಾಲ್ಕೂ ಹೇಳಿ ತಾಯಿ ಕಾರ್ಡಿನಲ್ಲಿ ಬರೆದು, ಅರ್ಧ ಗಂಟೆ ಕೂತು ಹೋಗಿ ಅಂದರು.

ಆ ಅರ್ಧ ಗಂಟೆ ಕಳೆಯಬೇಕಾದ್ದು ಹೊರಗಿನ ಹೊಂಗೆ ಮರದ ಕಟ್ಟೆಯಲ್ಲಿ. ಸಮಸ್ಯೆ ಅಲ್ಲೇ.

ಎರಡು ದಿನ ಹಿಂದೆ, ಜುಲೈ 1ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಾಸನದ ಸಾವುಗಳ ಬಗ್ಗೆ ಬರೆದಿದ್ದರು. ಒಂದು ತಿಂಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋಗಿದ್ದಾರೆ, ಪರಿಣತರ ಸಮಿತಿ ನೋಡುತ್ತದೆ, ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ ಕೋವಿಡ್ ಲಸಿಕೆಯೂ ಕಾರಣ ಇರಬಹುದು ಅನ್ನುವ ಅರ್ಥದಲ್ಲಿ. ಮಾರನೇ ದಿನವೇ ಕೇಂದ್ರ ಆರೋಗ್ಯ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಾಡಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂದಿತು. ಟಿವಿಯಲ್ಲಿ ಎರಡೂ ಪಕ್ಷದವರು ಹೊಡೆದಾಟ. ಅದೇ ಹೊಡೆದಾಟ ನಮ್ಮ ಕಟ್ಟೆಗೂ ಬಂತು.

ಒಬ್ಬರು ಬಿಳಿ ಅಂಗಿಯವರು, ಮೊಮ್ಮಗನನ್ನು ಕರೆತಂದಿದ್ದರು. "ಮುಖ್ಯಮಂತ್ರಿಯೇ ಹೇಳಿದ ಮೇಲೆ ಇನ್ನೇನು, ಆ ಮೋದಿ ಸೂಜಿಯಿಂದಲೇ ಜನ ಸಾಯುತ್ತಿರುವುದು" ಅಂದರು. ಬೈಕಿನ ಮೇಲೆ ಕೂತಿದ್ದ ಹುಡುಗ ಸುಮ್ಮನಿರಬೇಕಲ್ಲ. "ಆ ಸೂಜಿ ಇಲ್ಲದಿದ್ದರೆ ನೀವು ಇವತ್ತು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ, ಲಸಿಕೆ ಬಗ್ಗೆ ಕೇಳುವವರೆಲ್ಲ ದೇಶದ್ರೋಹಿಗಳು" ಅಂದ. ಹೀಗೇ ಶುರುವಾಗಿ ಗ್ಯಾರಂಟಿ, ಚುನಾವಣಾ ಬಾಂಡು, ಚೀನಾ ಎಲ್ಲ ಬಂದವು. ನನ್ನ ಪಕ್ಕ ಇಪ್ಪತ್ತರ ಆಸುಪಾಸಿನ ಒಬ್ಬ ತಾಯಿ ಕೂತಿದ್ದಳು, ಅವಳ ಮಗುವಿಗೂ ಒಂಬತ್ತು ತಿಂಗಳು, ಟೋಕನ್ ಕೈಯಲ್ಲಿತ್ತು. ಅವಳು ಟೋಕನ್ ನೋಡಿದಳು, ಮಗುವಿನ ಎದೆ ಮೇಲೆ ಕೈ ಇಟ್ಟಳು, ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದೇಬಿಟ್ಟಳು. ಆ ಇಬ್ಬರೂ ತಲೆ ಎತ್ತಿ ನೋಡಲೂ ಇಲ್ಲ.

ನಾನು ಎದ್ದು ಹೋಗಿ ಅವಳನ್ನು ತಡೆಯಬೇಕಿತ್ತು. ಮಗಳು ತೊಡೆ ಮೇಲೆ ನಿದ್ದೆ ಹೋಗಿದ್ದಳು, ನಾನು ಏಳುವಷ್ಟರಲ್ಲಿ ಅವಳು ಬಸ್ ಹತ್ತಿಯಾಗಿತ್ತು.

ಆವತ್ತಿನಿಂದ ನನಗೆ ಹೊಟ್ಟೆಯೊಳಗೆ ಕುದಿಯುತ್ತಿರುವುದು ಇದೇ. ದಡಾರದ ಲಸಿಕೆಗೂ ಕೋವಿಡ್ ಲಸಿಕೆಗೂ ಏನು ಸಂಬಂಧ? ಮಕ್ಕಳಿಗೆ ದಡಾರದ ಸೂಜಿ 1985ರಲ್ಲಿ ದೇಶದ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ಇದೆ. ಆಗ ಮೋದಿ, ಸಿದ್ದರಾಮಯ್ಯನವರ ಹೆಸರಿನಲ್ಲಿ ಯಾರೂ ಜಗಳ ಆಡುತ್ತಿರಲಿಲ್ಲ. ಗರ್ಭಿಣಿಯರಿಗೆ ಬಂದರೆ ಹೊಟ್ಟೆಯ ಮಗುವಿನ ಕಣ್ಣು, ಕಿವಿ, ಹೃದಯ ಕೆಡಿಸುವ ರುಬೆಲ್ಲಾವನ್ನು ಅದಕ್ಕೆ ಸೇರಿಸಿದ್ದು 2017ರಲ್ಲಿ. ಆ ಫೆಬ್ರವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗಲೂ ವಾಟ್ಸಾಪಿನಲ್ಲಿ ಏನೇನೋ ಹರಿದಾಡಿತ್ತು. ನನ್ನ ತಂಗಿಯ ಶಾಲೆಯಲ್ಲಿ ಅರ್ಧ ಮಕ್ಕಳು ಆವತ್ತು ರಜೆ ಹಾಕಿದ್ದರು, ನನಗೆ ಚೆನ್ನಾಗಿ ನೆನಪಿದೆ.

ಕೋವಿಡ್ ಲಸಿಕೆ ಬಗ್ಗೆ ಪ್ರಶ್ನೆ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಕೇಳಬೇಕು. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟಾಗ ಜನರ ಮೇಲಿನ ಪ್ರಯೋಗದ ಮೂರನೇ ಹಂತದ ಫಲಿತಾಂಶ ಬಂದಿರಲಿಲ್ಲ. ಆಗ ಕೇಳಿದವರು ಸರಿಯಾಗೇ ಕೇಳಿದ್ದರು. ಕೋವಿಶೀಲ್ಡ್‌ನಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಅನ್ನುವುದೂ ಸುಳ್ಳಲ್ಲ. ಅದನ್ನು 2021ರ ಮೇ ತಿಂಗಳಲ್ಲೇ ಕೇಂದ್ರ ಸರ್ಕಾರ ಹೇಳಿತ್ತು, ಹತ್ತು ಲಕ್ಷ ಡೋಸಿಗೆ 0.61 ಪ್ರಕರಣ ಅಂತ. ಅಂದರೆ ಒಂದಕ್ಕಿಂತ ಕಡಿಮೆ. ಆದರೆ 2024ರ ಚುನಾವಣೆ ಹೊತ್ತಿಗೆ ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಲಂಡನ್ ಕೋರ್ಟಿನಲ್ಲಿ ಈ ತೊಂದರೆಯನ್ನು ಒಪ್ಪಿಕೊಂಡ ಸುದ್ದಿ ಬಂದಾಗ ಅದನ್ನು ಯಾರೋ ಮುಚ್ಚಿಟ್ಟಿದ್ದ ಗುಟ್ಟು ಬಯಲಾಯಿತು ಅನ್ನುವ ಹಾಗೆ ಊರೆಲ್ಲ ಹಂಚಿದರು.

ಇನ್ನೊಂದು ಕಡೆಯವರಿಗೂ ನನ್ನದು ಇದೇ ಮಾತು. ಕೋವಿಡ್ ಲಸಿಕೆಯ ಸರ್ಟಿಫಿಕೇಟ್ ಮೇಲೆ ಮೋದಿ ಒಬ್ಬರ ಫೋಟೋ ಹಾಕಿದ್ದು ಯಾಕೆ? ಅದು ಲಸಿಕೆ ತಯಾರಿಸಿದ ಪುಣೆಯ ಸೀರಂ, ಹೈದರಾಬಾದಿನ ಭಾರತ್ ಬಯೋಟೆಕ್, ಐಸಿಎಂಆರ್, ಊರೂರು ಸುತ್ತಿದ ಸಿಸ್ಟರ್‌ಗಳು, ಆಶಾಗಳು ಎಲ್ಲ ಸೇರಿ ಮಾಡಿದ ಕೆಲಸ. 2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ 100 ಕೋಟಿ ಡೋಸ್ ಆಯಿತು. ಅಷ್ಟು ದೊಡ್ಡ ಕೆಲಸವನ್ನು ಒಂದು ಮುಖಕ್ಕೆ ಅಂಟಿಸಿದ್ದರಿಂದಲೇ, ಆ ಮುಖ ಕಂಡರೆ ಆಗದವರಿಗೆ ಲಸಿಕೆಯೂ ಆಗದ ಹಾಗಾಯಿತು. ಶುರುವಿನಲ್ಲೇ ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ ಅದನ್ನು ಬಿಜೆಪಿ ಲಸಿಕೆ ಅಂದರು. ನಮ್ಮ ಮಾವ ಅದನ್ನೇ ಹಿಡಿದುಕೊಂಡು ಎರಡು ತಿಂಗಳು ಹಾಕಿಸಿಕೊಳ್ಳಲಿಲ್ಲ. ಕೊನೆಗೆ 2021ರ ಏಪ್ರಿಲ್‌ನಲ್ಲಿ ಇದೇ ಕೇಂದ್ರದಲ್ಲಿ ಹಾಕಿಸಿದೆವು. ಮೇ ತಿಂಗಳಲ್ಲಿ ನಾನೂ ನಮ್ಮವರೂ ಸ್ಲಾಟ್‌ಗಾಗಿ ರಾತ್ರಿ ಎಲ್ಲ ಫೋನ್ ಒತ್ತುತ್ತಿದ್ದೆವು, ಸಿಗಲಿಲ್ಲ, ಜೂನ್‌ನಲ್ಲಿ ಖಾಸಗಿಗೆ ಹೋಗಿ ತಲೆಗೆ 780 ರೂಪಾಯಿ ಕೊಟ್ಟು ಬಂದೆವು. ಆ ಕೊರತೆಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಹಾಗಂತ ಆ ಸಿಟ್ಟನ್ನು ನಾನು ಮಗಳ ದಡಾರದ ಸೂಜಿಯ ಮೇಲೆ ತೀರಿಸಿಕೊಳ್ಳಲೇ?

ಹಾಸನದ ಭಯವೂ ನನಗೆ ಗೊತ್ತು. ನಮ್ಮ ಬೀದಿಯಲ್ಲೇ ಮೂವತ್ತೆಂಟರ ಒಬ್ಬರು ಹೋದರು. ಬೆಳಗ್ಗೆ ಹಾಲು ಹಾಕಿ ಬಂದವರು ಹತ್ತು ಗಂಟೆಗೆ ಇಲ್ಲ. ಆ ವಾರ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತೋರಿಸಿಕೊಳ್ಳಲು ಬಂದವರ ಸಾಲು ಟಿವಿಯಲ್ಲಿ ನೋಡಿದೆವಲ್ಲ, ಅದರಲ್ಲಿ ನಮ್ಮೂರಿನವರೂ ಇದ್ದರು. ಭಯ ಪಟ್ಟವರನ್ನು ನಾನು ಬೈಯುವುದಿಲ್ಲ. ಭಯದ ನಡುವೆ ಜನಕ್ಕೆ ಬೇಕಿದ್ದದ್ದು ಉತ್ತರ. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಕೆಲವೇ ದಿನದಲ್ಲಿ ಉತ್ತರ ಕೊಟ್ಟಿತು, ಕೋವಿಡ್ ಲಸಿಕೆಗೂ ಈ ಹಠಾತ್ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲ ಅಂತ. ಅದು ರಾಜ್ಯ ಸರ್ಕಾರವೇ ನೇಮಿಸಿದ ಸಮಿತಿ. ಅದಕ್ಕೂ ಮೊದಲೇ ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿತ್ತು. ಅಲ್ಲೂ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಬಿಪಿ, ಶುಗರ್, ಸಿಗರೇಟು ಇವನ್ನು ನೋಡಿಕೊಳ್ಳಿ ಅಂತ ಡಾಕ್ಟರುಗಳು ಗಂಟಲು ಹರಿದುಕೊಂಡರು. ಮೊದಲು ಬಂದ ಅನುಮಾನ ಎಲ್ಲ ಫೋನಿಗೂ ಹೋಯಿತು, ಆಮೇಲೆ ಬಂದ ಉತ್ತರ ಎಷ್ಟು ಫೋನಿಗೆ ಹೋಯಿತು ಹೇಳಿ? ಆ ಬಿಳಿ ಅಂಗಿಯವರಿಗೆ ತಲುಪಿರಲಿಲ್ಲ, ಅದಂತೂ ಖಂಡಿತ.

ಜುಲೈ 10ಕ್ಕೆ ಬೂಸ್ಟರ್‌ಗೆ ಮತ್ತೆ ಹೋದೆ. ಸ್ಟಾಕ್ ಬಂದಿತ್ತು. ಸಿಸ್ಟರ್ ಹತ್ತಿರ ಆ ತಾಯಿಯ ವಿಷಯ ಹೇಳಿದೆ. ಅವರು ರಿಜಿಸ್ಟರ್ ತಿರುಗಿಸಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಹಾಕಿದ್ದ ಸಣ್ಣ ಗೀಟು ತೋರಿಸಿದರು. ಅವರಿಗೆ ಆಗಲೇ ಗೊತ್ತಿತ್ತು. ಆಶಾ ಅಕ್ಕ ಎರಡು ಸಲ ಮನೆಗೆ ಹೋಗಿ ಬಂದಿದ್ದರು. ಮೊದಲ ಸಲ ಅತ್ತೆ ಬಾಗಿಲಲ್ಲೇ ಕಳಿಸಿದರಂತೆ. ಎರಡನೇ ಸಲ ಕೂರಿಸಿ ಕಾಫಿ ಕೊಟ್ಟರಂತೆ. ಹನ್ನೊಂದೂವರೆ ಹೊತ್ತಿಗೆ ಆ ತಾಯಿ ಬಂದಳು, ಜೊತೆಗೆ ಅತ್ತೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಇದು ಆ ಸೂಜಿ ಅಲ್ಲ ತಾನೇ?" ಸಿಸ್ಟರ್ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಹೊಸ ಬಾಟಲಿ ತೆಗೆದು ಕೈಗೇ ಕೊಟ್ಟರು, ಆ ಬೆಳ್ಳಗಿನ ಚೌಕ ತೋರಿಸಿದರು, "ಅಮ್ಮ, ಇದು ದಡಾರದ್ದು, ನಿಮ್ಮ ಮಗನಿಗೂ ಚಿಕ್ಕವನಿದ್ದಾಗ ಹಾಕಿದ್ದು ಇದೇ ದಡಾರದ್ದೇ" ಅಂದರು. ಮಗು ಅತ್ತಿತು. ಅತ್ತೆ ಸೆರಗಿನಿಂದ ಅದರ ತೋಳು ಒತ್ತಿ ಹಿಡಿದರು.

ಆ ಸಿಸ್ಟರ್‌ಗೂ ಆಶಾ ಅಕ್ಕನಿಗೂ ನಾನು ಐದಕ್ಕೆ ಐದು ಕೊಡುತ್ತೇನೆ. ಸ್ಟಾಕ್, ಬೆಂಚು, ನೆಟ್‌ವರ್ಕ್ ವಿಷಯಕ್ಕೆ ಎರಡು. ಕಟ್ಟೆಯಲ್ಲಿ ಪಕ್ಷದ ಮಾತು ಬೇಡ ಅಂತ ಒಂದು ಬೋರ್ಡ್ ಹಾಕಿ ಅಂತ ವೈದ್ಯಾಧಿಕಾರಿಗಳಿಗೆ ಕಾಗದ ಬರೆದುಕೊಟ್ಟು ಬಂದಿದ್ದೇನೆ, ಸಮಿತಿಯ ವರದಿಯ ನಾಲ್ಕು ಸಾಲನ್ನು ದೊಡ್ಡ ಅಕ್ಷರದಲ್ಲಿ ಅದರ ಕೆಳಗೇ ಅಂಟಿಸಿ ಅಂತಲೂ ಕೇಳಿದ್ದೇನೆ.

ಹೋಗುವವರು ಒಂಬತ್ತೂವರೆಗೇ ಹೋಗಿ ಟೋಕನ್ ತೆಗೆದುಕೊಳ್ಳಿ. ತಾಯಿ ಕಾರ್ಡ್ ಮರೆಯಬೇಡಿ. ಮಗುವಿಗೆ ಸಡಿಲ ಅಂಗಿ ಹಾಕಿ, ತೋಳು ಬೇಗ ಸಿಗುತ್ತದೆ. ಬೂಸ್ಟರ್ ಇದೆಯಾ ಅಂತ ಬುಧವಾರವೇ ಆಶಾ ಅಕ್ಕನಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಸೂಜಿ ಆದ ಮೇಲೆ ಅರ್ಧ ಗಂಟೆ ಕೂರಲೇಬೇಕು, ಕಟ್ಟೆ ಬೇಡ ಅನಿಸಿದರೆ ಔಷಧಿ ರೂಮಿನ ಹಿಂದೆ ಒಂದು ಸಣ್ಣ ಜಗಲಿ ಇದೆ, ಅಲ್ಲಿ ನೆರಳೂ ಇದೆ, ಗಾಳಿಯೂ ಬರುತ್ತದೆ.