ಡೊಂಬಿವಿಲಿಯ ಒಂದು ಸಣ್ಣ ಕ್ಲಿನಿಕ್: ಅತ್ತೆಯ ಮಾತ್ರೆ ಚೀಲ ಅರ್ಧಕ್ಕೆ ಇಳಿಯಿತು

ಮುಂಬೈ ಹತ್ತಿರದ ಡೊಂಬಿವಿಲಿ ಈಸ್ಟ್‌ನಲ್ಲಿ, ಸ್ಟೇಷನ್‌ನಿಂದ ನಡೆದೇ ಹೋಗಬಹುದಾದ ಕ್ಲಿನಿಕ್ ಇದು. ಹೆಸರು ಹಾಕಬೇಡಿ, ಈಗಲೇ ಕೂರಲು ಜಾಗ ಇಲ್ಲ ಅಂತ ಡಾಕ್ಟರೇ ನಕ್ಕರು. ಬೇಕಾದವರು ಕೇಳಿ, ಹೇಳುತ್ತೇನೆ.

ನಮ್ಮ ಅತ್ತೆಗೆ ಶುಗರ್, ಬಿಪಿ, ಥೈರಾಯ್ಡ್, ಸಾಲದ್ದಕ್ಕೆ ಮೊಣಕಾಲು ನೋವು. ಮೊದಲು ಒಂದು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದೆವು. ಒಂದೊಂದು ಕಾಯಿಲೆಗೆ ಒಂದೊಂದು ಮಹಡಿ, ಒಂದೊಂದು ಕ್ಯೂ, ಒಂದೊಂದು ಬಿಲ್ಲು. ಪ್ರತಿ ಸಲ ನನಗೆ ಆಫೀಸಿಗೆ ಅರ್ಧ ದಿನ ರಜೆ, ಅವರಿಗೆ ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆ. ನೋವಿನ ಮಾತ್ರೆ ಬರೆದವರು ಬಿಪಿ ಚೀಟಿ ನೋಡಲೇ ಇಲ್ಲ. ಅಂಥ ಮಾತ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು ಅಂತ ನಮಗೆ ತಿಳಿದದ್ದೇ ಇಲ್ಲಿ ಬಂದ ಮೇಲೆ.

ಈ ಡಾಕ್ಟರ್ ಮೊದಲು ಚೀಲವನ್ನು ಮೇಜಿನ ಮೇಲೆ ಸುರಿಯಿರಿ ಅಂದರು. ಸ್ಟ್ರಿಪ್‌ಗಳನ್ನು ಒಂದೊಂದಾಗಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರು. ಪ್ಯಾಂಟೊಪ್ರಜೋಲ್ ಅನ್ನುವ ಒಂದೇ ಅಸಿಡಿಟಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಇತ್ತು, ಅತ್ತೆ ಎರಡನ್ನೂ ನುಂಗುತ್ತಿದ್ದರು! ಆಮೇಲೆ "ಎಷ್ಟಕ್ಕೆ ಏಳ್ತೀರಿ, ಚಹಾ ಯಾವಾಗ, ಊಟ ಎಷ್ಟಕ್ಕೆ" ಅಂತ ಕೇಳಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿದರು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಚಹಾ ಅರ್ಧ ಗಂಟೆ ಬಿಟ್ಟು. ಅದರ ಜೊತೆಗೇ ತೆಗೆದುಕೊಳ್ಳುತ್ತಿದ್ದ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು, ಯಾಕೆಂದರೆ ಅವೆರಡರ ನಡುವೆ 4 ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಿಪಿಯ ಎರಡು ಮಾತ್ರೆ ಸೇರಿ ಒಂದಾಯಿತು. ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡವಂತೆ. ಇಷ್ಟು ದಿನ ಸುಮ್ನೆ ಹಸಿದು ಕೂರಿಸಿದ್ದೆವು ಪಾಪ.

ಕಾಯಿಲೆ ಎಷ್ಟಿವೆ ಅನ್ನುವುದರಿಂದಲೇ ಚಿಕಿತ್ಸೆ ಎಷ್ಟು ಭಾರ ಅನ್ನುವುದು ಗೊತ್ತಾಗುವುದಿಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಹೋಟೆಲ್ ಗಲ್ಲಾದಲ್ಲಿ ಕೂರುವ ಉಡುಪಿ ಕಡೆಯವರೊಬ್ಬರಿಗೆ ಇರುವುದು ಶುಗರ್, ಬಿಪಿ ಎರಡೇ. ಆದರೆ ಊಟ ಸಂಜೆ ನಾಲ್ಕಕ್ಕೆ, ಮಾತ್ರೆ ನೆನಪಿಸಲು ಮನೆಯವರು ಊರಿನಲ್ಲಿ, ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು. ಅತ್ತೆಗಿಂತ ಅವರೇ ಜಾಸ್ತಿ ಸೋತಿದ್ದಾರೆ. ರೋಗಿಯ ಬದುಕಿಗೆ ಆದಷ್ಟು ಕಡಿಮೆ ತೊಂದರೆ ಕೊಡುವ ಚಿಕಿತ್ಸೆ ಬೇಕು ಅಂತ ಕಾರ್ಲ್ ಮೇ, ವಿಕ್ಟರ್ ಮೊಂಟೋರಿ, ಫ್ರಾನ್ಸಿಸ್ ಮೇರ್ ಎಂಬ ಸಂಶೋಧಕರು 2009ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಯಾರೂ ಓದಿದಂತೆ ಕಾಣುವುದಿಲ್ಲ.

ಖರ್ಚೂ ತಗ್ಗಿದೆ. ಡಾಕ್ಟರ್ ಔಷಧದ ಮೂಲ ಹೆಸರನ್ನೇ ದೊಡ್ಡದಾಗಿ ಬರೆಯುತ್ತಾರೆ, ಹಾಗಾಗಿ ಜನೌಷಧಿ ಕೇಂದ್ರದಲ್ಲಿ ಕೇಳಿ ತರುವುದು ಸುಲಭ.

ಇನ್ನು ದೂರು. ಮೊಣಕಾಲು ನೋವಿನವರೇ ಜಾಸ್ತಿ ಬರುವ ಕ್ಲಿನಿಕ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ! ಫೋನ್ ಮಾಡಿದರೆ ಎತ್ತುವುದಿಲ್ಲ. ಸಂಜೆ ಲೋಕಲ್ ಇಳಿದವರೆಲ್ಲ ನೇರ ಇಲ್ಲಿಗೇ ಬರುತ್ತಾರೆ, ನಿಲ್ಲಲೂ ಜಾಗ ಇರುವುದಿಲ್ಲ. ಫೀಸು ಅಕ್ಕಪಕ್ಕದವರಿಗಿಂತ ಸ್ವಲ್ಪ ಜಾಸ್ತಿ, ಆದರೆ ನಾಲ್ಕು ಕಡೆ ಕೊಡುತ್ತಿದ್ದುದನ್ನು ಕೂಡಿಸಿ ನೋಡಿದರೆ ನನಗೆ ಬೇಜಾರಿಲ್ಲ. ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಮೆಟ್ಟಿಲಿಗೆ. ಹೋಗುವುದಾದರೆ ಬೆಳಿಗ್ಗೆ ಹೋಗಿ, ಹಳೇ ಚೀಟಿ, ಮನೆಯಲ್ಲಿರುವ ಮಾತ್ರೆ ಎಲ್ಲ ಜೊತೆಗಿರಲಿ.