ಗಂಗೋತ್ರಿ, ಧಾರವಾಡ, ಕೊಣಾಜೆ: ಕನ್ನಡ ಎಂ.ಎ.ಗೆ ಎಲ್ಲಿ ಸೇರಬೇಕು?

ಪದವಿ ಫಲಿತಾಂಶ ಬಂದ ಕೂಡಲೇ ಪರಿಚಿತರ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಕನ್ನಡ ಎಂ.ಎ.ಗೆ ಮೈಸೂರೋ, ಧಾರವಾಡವೋ, ಮಂಗಳೂರೋ? ನಾನು ಎಂ.ಎ. ಓದಿದ್ದು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ, ಸಂಶೋಧನೆ ಮಾಡಿದ್ದು ಧಾರವಾಡದಲ್ಲಿ, ಆಮೇಲೆ ಒಂದು ಯೋಜನೆಯ ಕೆಲಸಕ್ಕೆಂದು ಹೋಗಿ ಕೂತದ್ದು ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯಲ್ಲಿ. ಮೂರೂ ಕಡೆಯ ಹಾಸ್ಟೆಲ್ ಸಾರು ಉಂಡವನು. ಪಕ್ಷಪಾತ ಇಲ್ಲವೆಂದು ಹೇಳುವುದಿಲ್ಲ. ಅದು ಯಾವ ಕಡೆಗೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಹೆಸರಿನ ಮಾತಿಗೆ ಬಂದರೆ ಮೈಸೂರಿನ ಮುಂದೆ ಉಳಿದೆರಡು ನಿಲ್ಲುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಹುಟ್ಟಿದ ಸಂಸ್ಥೆ. ತೀ.ನಂ. ಶ್ರೀಕಂಠಯ್ಯ, ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು, ಕುವೆಂಪು ಪಾಠ ಹೇಳಿದ ಜಾಗ. ‘ಗಂಗೋತ್ರಿಯವರಾ?’ ಎಂದು ಕೇಳುವಾಗ ಸಂದರ್ಶನ ಸಮಿತಿಯವರ ಮುಖ ಈಗಲೂ ಒಂದಿಷ್ಟು ಅರಳುತ್ತದೆ. ಆದರೆ ಅದು ಹಿರಿಯರು ಗಳಿಸಿಟ್ಟ ಆಸ್ತಿ; ನಾವೆಲ್ಲ ಅದರ ಬಡ್ಡಿ ತಿಂದವರು. ಇವತ್ತಿಗೂ ನಿಜವಾಗಿ ಬೆಲೆ ಬಾಳುವುದು ಅಲ್ಲಿನ ಗ್ರಂಥಭಂಡಾರಗಳು. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೇ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿದ್ದು. ಹಳಗನ್ನಡದ ರುಚಿ ಇರುವವರಿಗೆ ಇಷ್ಟು ಸಾಕು, ಮೈಸೂರಿಗೆ ಹೋಗಬಹುದು.

ವಾತಾವರಣವಂತೂ ಮೂರರಲ್ಲಿ ಅತ್ಯಂತ ಸುಖದ್ದು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಬೆಳಗಿನ ಹೊತ್ತು ಹೆಜ್ಜಾರ್ಲೆಗಳು, ಏರಿಯ ಮೇಲೆ ವಾಕಿಂಗ್ ಹೊರಟ ಊರಿನ ಅರ್ಧದಷ್ಟು ನಿವೃತ್ತರು. ಸರಸ್ವತಿಪುರಕ್ಕೆ ನಡೆದೇ ಹೋಗಬಹುದು. ತೊಂದರೆಯೂ ಇಲ್ಲೇ ಇದೆ: ಊರು ಯಾವುದಕ್ಕೂ ಅವಸರ ಮಾಡುವುದಿಲ್ಲ. ನಾಳೆ ಓದಿದರಾಯಿತು ಎಂಬ ಮನಸ್ಸು ಎರಡನೇ ಸೆಮಿಸ್ಟರ್ ಹೊತ್ತಿಗೆ ಮೈಗೂಡಿರುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಊರಿಗೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿ ಗುಡ್ಡದ ಮೇಲೆ ಅದನ್ನು ಕಟ್ಟಿ ಬೆಳೆಸಿದರು. ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಅವರಂಥವರಿಂದ ಶಾಸನ, ವಚನ, ಗ್ರಂಥಸಂಪಾದನೆಯಲ್ಲಿ ಅದಕ್ಕೆ ದೊಡ್ಡ ಹೆಸರು. ಹಳೇ ಮೈಸೂರಿನ ಕಡೆ ಈ ಹೆಸರಿಗೆ ಸಲ್ಲಬೇಕಾದ ಗೌರವ ಸಲ್ಲುವುದಿಲ್ಲ ಎಂಬುದು ನನ್ನ ತಕರಾರು. ನಾನು ಮೈಸೂರಿನಿಂದ ಧಾರವಾಡಕ್ಕೆ ಹೊರಟಾಗ ‘ಅಷ್ಟು ದೂರ ಯಾಕಪ್ಪಾ?’ ಎಂದು ನನ್ನ ಮಾವನೇ ಕೇಳಿದ್ದರು.

ಯಾಕೆಂದರೆ ಧಾರವಾಡದಲ್ಲಿ ಪಾಠ ವಿಭಾಗದ ಕೋಣೆಯಲ್ಲಿ ಮುಗಿಯುವುದಿಲ್ಲ. ಸಂಜೆ ಗುಡ್ಡ ಇಳಿದು ಬಸ್ ಹತ್ತಿದರೆ ವಿದ್ಯಾವರ್ಧಕ ಸಂಘದಲ್ಲಿ ಏನಾದರೊಂದು ಉಪನ್ಯಾಸ ಇದ್ದೇ ಇರುತ್ತದೆ; ಸುಭಾಸ ರಸ್ತೆಯಲ್ಲಿ ಪುಸ್ತಕ ಪ್ರಕಾಶನ ಸಂಸ್ಥೆಯಾದ ಮನೋಹರ ಗ್ರಂಥಮಾಲೆಯ ಅಟ್ಟ, ಸಾಹಿತಿಗಳು ಕೂಡುವ ಜಾಗ, ಇದೆ. ಒಮ್ಮೆ ಪ್ರಾಧ್ಯಾಪಕರೊಬ್ಬರು ಒಂದು ಶಾಸನದ ಬಗ್ಗೆ ಜೋರಾಗಿ ಮಾತಾಡಿ ಕುಳಿತರು. ಹಿಂದಿನ ಸಾಲಿನಿಂದ ಟೋಪಿ ಹಾಕಿದ ಅಜ್ಜ ಎದ್ದು, ‘ಈ ಕಲ್ಲನ್ನು ತಾವೇ ಹೋಗಿ ನೋಡಿದ್ದೀರೋ, ಅಚ್ಚಾದ ಪುಸ್ತಕದಲ್ಲಿ ಓದಿದ್ದೋ, ಸರ?’ ಎಂದು ಕೇಳಿದರು. ಉತ್ತರ ಬರಲಿಲ್ಲ. ಅಜ್ಜ ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರಂತೆ. ಮರುದಿನವೇ ನಾನು ನನ್ನ ಪ್ರಬಂಧದ ಅಡಿಟಿಪ್ಪಣಿಗಳನ್ನೆಲ್ಲ ಒಂದೊಂದಾಗಿ ಮೂಲದೊಂದಿಗೆ ತಾಳೆ ನೋಡಲು ಕುಳಿತೆ. ಇಂಥ ಭಯ ಹುಟ್ಟಿಸುವ ಶ್ರೋತೃಗಳು ನನಗೆ ಬೇರೆಲ್ಲೂ ಸಿಗಲಿಲ್ಲ. ಸಪ್ತಾಪುರದ ತುಂಬ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಫಲಕಗಳು ತುಂಬಿಕೊಂಡ ಮೇಲೂ ಈ ಧಾರವಾಡ ಪೂರ್ತಿ ಸತ್ತಿಲ್ಲ.

ಕೊಣಾಜೆ ಇನ್ನೊಂದು ಲೋಕ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1968ರಲ್ಲಿ ತೊಡಗಿ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಎಸ್.ವಿ. ಪರಮೇಶ್ವರ ಭಟ್ಟರು ಕಟ್ಟಿದ ಕನ್ನಡ ವಿಭಾಗ. ತುಳು ಜಾನಪದದ ಅಧ್ಯಯನಕ್ಕೆ ವಿವೇಕ ರೈ ಅವರ ಕಾಲದಿಂದ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ತುಳುವಿನ ಹಾಡುಗತೆಯಾದ ಪಾಡ್ದನದ ಮೇಲೆ ಕೆಲಸ ಮಾಡುವವರು ಮೈಸೂರಿಗೆ ಹೋಗುವುದೇಕೋ ತಿಳಿಯದು. ಗುಡ್ಡ ನಗರದಿಂದ ದೂರ. ಸಂಜೆಯಾದರೆ ಸದ್ದಿಲ್ಲ, ಬರೆಯದೆ ಬೇರೆ ದಾರಿಯಿಲ್ಲ. ನಾನು ಅತಿ ಹೆಚ್ಚು ಪುಟ ಬರೆದದ್ದು ಅಲ್ಲೇ. ಆದರೆ ಮಳೆಗಾಲ! ಜುಲೈನಲ್ಲಿ ಒಗೆದ ಅಂಗಿ ಒಣಗುವುದಿಲ್ಲ, ಚಪ್ಪಲಿಗೂ ಪುಸ್ತಕದ ರಟ್ಟಿಗೂ ಒಂದೇ ಬೂಷ್ಟು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವನ್ನು ಈ ಪಂಕ್ತಿಯಲ್ಲಿ ಕೂರಿಸಿಲ್ಲ. ಅಲ್ಲಿಗೆ ಹೋದದ್ದು ವಿಚಾರ ಸಂಕಿರಣಕ್ಕೆ ಮಾತ್ರ. ಕಾಡು, ಊಟ ಎರಡೂ ಚೆನ್ನಾಗಿದ್ದವು.

ನನ್ನನ್ನು ಕೇಳಿದರೆ ಎಂ.ಎ.ಗೂ ಸಂಶೋಧನೆಗೂ ಧಾರವಾಡವೇ. ಊರು ಬಿಟ್ಟು ದೂರ ಇರಲಾಗದ ಹುಡುಗ ಹುಡುಗಿಯರಿಗೆ, ಹಸ್ತಪ್ರತಿಯ ಹುಚ್ಚು ಇರುವವರಿಗೆ ಮೈಸೂರು. ಎಲ್ಲಿಗೇ ಆಗಲಿ, ಅರ್ಜಿ ಹಾಕುವ ಮುನ್ನ ಒಮ್ಮೆ ವಿಭಾಗಕ್ಕೆ ಹೋಗಿ ಖಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ವಿಚಾರಿಸಿ. ಖಾಲಿ ಹುದ್ದೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆಲ್ಲ ಅಂಟಿದ ಕಾಯಿಲೆ. ನೀವು ಓದಬೇಕೆಂದಿರುವ ವಿಷಯಕ್ಕೆ ಮಾರ್ಗದರ್ಶಕರು ಮುಂದಿನ ವರ್ಷವೇ ನಿವೃತ್ತರಾಗುವವರಾದರೆ ಅದನ್ನೂ ಕಚೇರಿಯ ಗುಮಾಸ್ತರನ್ನು ಕೇಳಿ ತಿಳಿದುಕೊಳ್ಳಿ. ಅವರಿಗೆ ಎಲ್ಲರ ನಿವೃತ್ತಿಯ ದಿನಾಂಕ ಬಾಯಿಪಾಠ ಇರುತ್ತದೆ.